ಮೌತ್ ಆರ್ಗನ್ನಿನ ಬೆನ್ನಿಗೆ ವಾಲ್ವ್‌ನ ಕಾವು

ಮೌತ್ ಆರ್ಗನ್ ಅಥವಾ ಹಾರ್ಮೋನಿಕಾ ಎಂಬ, ಅಂಗೈಯಲ್ಲಿ ಅಡಗುವ ಪುಟ್ಟ ವಾದ್ಯಕ್ಕೆ ಸ್ಯಾಕ್ಸೊಫೋನಿನ ಗಾತ್ರದ ದನಿ ಬಂದದ್ದು ಶಿಕಾಗೊದಲ್ಲಿ, ಗಾಜಿನ ವಾಲ್ವ್‌ಗಳ ಬೆಂಬಲದಿಂದ. ಆದರೆ ಗಿಟಾರಿಗೆ ಒಗ್ಗಿದ ಆಂಪ್ಲಿಫೈಯರ್ ಬ್ಲೂಸ್ ಹಾರ್ಮೋನಿಕಾಗೆ ಇದ್ದಂತೆಯೇ ಒಗ್ಗುವುದಿಲ್ಲ. ಆರಿಸುವುದು ಹೇಗೆ? ತಗ್ಗಿಸಬೇಕಾದದ್ದು ಯಾವುದನ್ನು?

1940ರ ದಶಕದ ಭಾನುವಾರಗಳಂದು ಶಿಕಾಗೊ ನಗರದ ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನಲ್ಲಿ ಸಂತೆ ನೆರೆಯುತ್ತಿತ್ತು. ಹಳೆಯ ಬಟ್ಟೆ, ತುಕ್ಕು ಹಿಡಿದ ಉಪಕರಣ, ಹುರಿದ ಈರುಳ್ಳಿಯ ವಾಸನೆ, ಕೂಗಿ ಕರೆಯುವ ವ್ಯಾಪಾರಿಗಳು, ಇವೆಲ್ಲದರ ನಡುವೆ ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಬಂದ ಕಪ್ಪು ಸಂಗೀತಗಾರರು ಪಕ್ಕದ ಮನೆಯ ಕಿಟಕಿಯಿಂದ ವೈರ್ ಎಳೆದು, ಬೀದಿಯಂಚಿನಲ್ಲಿಯೇ ಆಂಪ್ಲಿಫೈಯರ್ ಹೂಡಿ ತಮ್ಮ ಬ್ಲೂಸ್ ಸಂಗೀತವನ್ನು ನುಡಿಸುತ್ತಿದ್ದರು.

ಅಷ್ಟು ಗದ್ದಲದಲ್ಲಿ ಎಲೆಕ್ಟ್ರಿಕ್ ಗಿಟಾರು ಹೇಗೋ ಕೇಳಿಸುತ್ತಿತ್ತು. ಆದರೆ ಹತ್ತು ರಂಧ್ರಗಳ, ನಾಲ್ಕು ಅಂಗುಲ ಉದ್ದದ ಮೌತ್ ಆರ್ಗನ್ನಿಗೆ ಆ ಬಲವಿರಲಿಲ್ಲ. ಹೀಗಾಗಿ ವಾದಕರು ಸಭೆಗಳಲ್ಲಿ ಭಾಷಣಕ್ಕೆ ಬಳಸುವ ಅಗ್ಗದ ಮೈಕನ್ನು ವಾದ್ಯದೊಡನೆಯೇ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದು, ಅದರ ವೈರನ್ನು ವಾಲ್ವ್ ಆಂಪ್ಲಿಫೈಯರಿಗೆ ಜೋಡಿಸತೊಡಗಿದರು. ದನಿ ಹೆಚ್ಚಬೇಕೆಂಬ ಅಗತ್ಯದಿಂದ ಆರಂಭವಾದ ಈ ಏರ್ಪಾಡು ದನಿಯ ಗುಣವನ್ನೇ ಬದಲಿಸಿಬಿಟ್ಟಿತು.

ಆ ಬದಲಾವಣೆಯನ್ನು ಕಲೆಯಾಗಿ ಬೆಳೆಸಿದವರಲ್ಲಿ ಅಗ್ರಗಣ್ಯನೆಂದರೆ 1930ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದ, ಲಿಟಲ್ ವಾಲ್ಟರ್ ಎಂದೇ ಪ್ರಸಿದ್ಧನಾದ ಮೇರಿಯನ್ ವಾಲ್ಟರ್ ಜೇಕಬ್ಸ್. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ತಂಡದಲ್ಲಿದ್ದ ಆತ 1952ರ ಮೇ 12ರಂದು ಧ್ವನಿಮುದ್ರಿಸಿದ ‘ಜೂಕ್’ ಎಂಬ ವಾದ್ಯಕೃತಿಯನ್ನು ಚೆಕರ್ ಕಂಪನಿ ಹೊರತಂದಾಗ, ಅದು ಅಮೆರಿಕದ ರಿದಮ್ ಆಂಡ್ ಬ್ಲೂಸ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. 1968ರಲ್ಲಿ, ನಲವತ್ತು ತುಂಬುವ ಮೊದಲೇ ಆತ ತೀರಿಕೊಂಡ. ಆದರೆ ಈ ಧ್ವನಿಮುದ್ರಿಕೆಯನ್ನು ನೆನೆಯುವ ಹಾರ್ಮೋನಿಕಾ ವಾದಕರು ಇಂದಿಗೂ ಕೇಳುವ ಮೊದಲ ಪ್ರಶ್ನೆ, ಅಂಥ ನಾದಕ್ಕೆ ಯಾವ ಆಂಪ್ಲಿಫೈಯರ್ ಕೊಳ್ಳಬೇಕು ಎಂಬುದೇ ಆಗಿದೆ.

ಕಂಪನಿಯ ಹೆಸರೊಂದನ್ನು ಹೇಳಿ ಮುಗಿಸುವಷ್ಟು ಸರಳ ಪ್ರಶ್ನೆ ಇದಲ್ಲ. ಬ್ಲೂಸ್ ಹಾರ್ಮೋನಿಕಾದ ಆಂಪ್ಲಿಫೈಯರಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಮೊದಲ ಹಂತದ ವರ್ಧನೆ, ಅಂದರೆ ಬಂದ ಸಂಕೇತವನ್ನು ಮೊದಲ ವಾಲ್ವ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಅದು ಕಡಿಮೆಯಿದ್ದಷ್ಟೂ ನಾದ ದೊಡ್ಡದಾಗಿ ಕೇಳುತ್ತದೆ. ಮೇಲ್ನೋಟಕ್ಕೆ ವಿರೋಧಾಭಾಸದಂತೆ ತೋರುವ ಈ ಮಾತಿನ ಹಿಂದೆ ಗಟ್ಟಿಯಾದ ಕಾರಣಗಳಿವೆ.

ಗಾಜಿನೊಳಗಿನ ಕೆಲಸ

ಟ್ರಾನ್ಸಿಸ್ಟರ್ ಬರುವ ಮೊದಲು ಮನೆಮನೆಯ ರೇಡಿಯೊದಲ್ಲಿ ಕೆಂಪಗೆ ಬೆಳಗುತ್ತಿದ್ದ ವಾಲ್ವ್‌ಗಳೇ ಇಲ್ಲಿಯೂ ದುಡಿಯುತ್ತವೆ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾಯಿಸಿದ ಕ್ಯಾಥೋಡ್ ಎಂಬ ಲೋಹದ ನಳಿಕೆ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ನೂರಾರು ವೋಲ್ಟ್ ಧನ ವಿದ್ಯುತ್ತಿರುವ ಪ್ಲೇಟ್ ಅವುಗಳನ್ನು ತನ್ನೆಡೆಗೆ ಸೆಳೆಯುತ್ತದೆ. ಇವೆರಡರ ನಡುವೆ ಇರುವ ಗ್ರಿಡ್ ಎಂಬ ತಂತಿಯ ಜಾಲರಿಗೆ ಮೈಕಿನ ಸಣ್ಣ ಸಂಕೇತವನ್ನು ಕೊಟ್ಟರೆ, ಆ ಸಣ್ಣ ಏರಿಳಿತವು ಪ್ಲೇಟಿನತ್ತ ಹರಿಯುವ ಪ್ರವಾಹದಲ್ಲಿ ದೊಡ್ಡ ಏರಿಳಿತವಾಗಿ ಮೂಡುತ್ತದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಈ ಮೂರನೆಯ ಅಂಗವನ್ನು ಸೇರಿಸಿದ ಬಳಿಕವೇ ವಾಲ್ವ್‌ಗೆ ಹಿಗ್ಗಿಸುವ ಶಕ್ತಿ ಬಂದದ್ದು.

ಸಂಕೇತ ಮಿತಿ ಮೀರಿ ಬೆಳೆದಾಗ ವಾಲ್ವ್ ಅದನ್ನು ಪೂರ್ತಿಯಾಗಿ ಸಾಗಿಸಲಾರದೆ ಅಲೆಯ ತುದಿಯನ್ನು ಮೆಲ್ಲಗೆ ದುಂಡಾಗಿಸುತ್ತದೆ. ಆಗ ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಎಂಜಿನಿಯರುಗಳು ವಿಕೃತಿ ಎಂದು ದೂರವಿಡಲು ಹೆಣಗಿದ ಇದನ್ನೇ ಬ್ಲೂಸ್ ವಾದಕರು ಬಯಸಿ ಕರೆತಂದರು.

ಹಾರ್ಮೋನಿಕಾಗೆ ಇದರಿಂದ ಸಿಗುವ ಲಾಭ ಗಿಟಾರಿಗಿಂತ ಹೆಚ್ಚು. ಹಾರ್ಮೋನಿಯಂನಂತೆ ಇದೂ ಗಾಳಿಗೆ ಕಂಪಿಸುವ ರೀಡುಗಳ ವಾದ್ಯ. ಹತ್ತು ರಂಧ್ರಗಳಲ್ಲಿ ಇಪ್ಪತ್ತು ರೀಡುಗಳಿದ್ದು, ಊದಿದಾಗ ಒಂದು ಸ್ವರ, ಉಸಿರನ್ನು ಒಳಗೆಳೆದಾಗ ಇನ್ನೊಂದು ಸ್ವರ ಬರುತ್ತದೆ. ಬ್ಲೂಸ್‌ನಲ್ಲಿ ಸಿ ಶ್ರುತಿಯ ವಾದ್ಯವನ್ನು ಹಿಡಿದು ಜಿ ಶ್ರುತಿಯ ಹಾಡನ್ನು ಹೆಚ್ಚಾಗಿ ಒಳಗೆಳೆದೇ ನುಡಿಸುವುದು ರೂಢಿ, ಏಕೆಂದರೆ ಹಾಗೆ ಎಳೆಯುವಾಗ ಸ್ವರವನ್ನು ಬಾಗಿಸಿ ಕೆಳಕ್ಕಿಳಿಸಲು ಸಾಧ್ಯವಾಗುತ್ತದೆ.

ಈಗ ಸಿ ಶ್ರುತಿಯ ವಾದ್ಯದ ಮೊದಲ ಎರಡು ರಂಧ್ರಗಳಿಂದ ಒಟ್ಟಿಗೆ ಉಸಿರೆಳೆದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಒಂದನೆಯ ರಂಧ್ರದಲ್ಲಿ ಸೆಕೆಂಡಿಗೆ ಸುಮಾರು 294 ಬಾರಿ ಕಂಪಿಸುವ ಡಿ ಸ್ವರ, ಎರಡನೆಯದರಲ್ಲಿ 392 ಬಾರಿ ಕಂಪಿಸುವ ಜಿ ಸ್ವರ ಹೊರಡುತ್ತವೆ. ಮಿತಿ ಮೀರಿ ದುಡಿಯುತ್ತಿರುವ ವಾಲ್ವ್‌ನೊಳಗೆ ಇವೆರಡೂ ಬೆರೆತಾಗ, ಅವುಗಳ ವ್ಯತ್ಯಾಸಕ್ಕೆ ಸಮನಾದ 98ರ ಕಂಪನವುಳ್ಳ ಮೂರನೆಯ ಸ್ವರವೊಂದು ಹುಟ್ಟುತ್ತದೆ.

ಈ 98 ಎಂಬುದು ಅದೇ ಜಿ ಸ್ವರದ ಎರಡು ಸ್ಥಾಯಿ ಕೆಳಗಿನ ರೂಪ, ಅಂದರೆ ಹಾಡಿನ ಆಧಾರ ಷಡ್ಜವೇ ಮಂದ್ರದಲ್ಲಿ ಬಂದಂತೆ. ಆ ವಾದ್ಯದ ಅತಿ ಕೆಳಗಿನ ಸ್ವರವೇ ಸುಮಾರು 262. ಅದರ ಯಾವ ರೀಡೂ 98ಕ್ಕೆ ಇಳಿಯಲಾರದು. ಶ್ರೋತೃಗಳು ಕೇಳುವ ಆ ದಪ್ಪ, ಎದೆಗೆ ತಟ್ಟುವ ಮಂದ್ರ ನಾದವನ್ನು ವಾದ್ಯ ಕೊಡುವುದಿಲ್ಲ, ಆಂಪ್ಲಿಫೈಯರ್ ಕೊಡುತ್ತದೆ.

ಜರ್ಮನಿಯ ಟ್ರೊಸಿಂಗನ್‌ನಲ್ಲಿ ಹೋನರ್ ಕಂಪನಿ 1896ರಿಂದ ತಯಾರಿಸುತ್ತಿರುವ ಮರೀನ್ ಬ್ಯಾಂಡ್ ಮಾದರಿಯ ಹಳೆಯ ವಾದ್ಯಗಳನ್ನು ಶುದ್ಧ ಅನುಪಾತದಲ್ಲಿ ಶ್ರುತಿ ಮಾಡಲಾಗುತ್ತಿತ್ತು. ಅವುಗಳಲ್ಲಿ ಎಳೆದ ಮೊದಲ ಮೂರು ಸ್ವರಗಳು ಮೂರು, ನಾಲ್ಕು, ಐದರ ಪ್ರಮಾಣದಲ್ಲಿರುವುದರಿಂದ ಯಾವ ಜೋಡಿಯನ್ನು ತೆಗೆದುಕೊಂಡರೂ ಅಕ್ಕಪಕ್ಕದವುಗಳ ವ್ಯತ್ಯಾಸ ಅದೇ 98ಕ್ಕೆ ಬಂದು ನಿಲ್ಲುತ್ತದೆ. ತಂಬೂರಿಯ ಶ್ರುತಿಗೆ ಕಿವಿ ಪಳಗಿದ ಕನ್ನಡ ಓದುಗರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಯಾನೊದ ಸಮವಿಭಾಗದ ಶ್ರುತಿಯಲ್ಲಿರುವ ವಾದ್ಯದಲ್ಲಿ ಒಂದು ಜೋಡಿ 98 ಕೊಟ್ಟರೆ ಇನ್ನೊಂದು 102 ಕೊಡುತ್ತದೆ. ಆ ಎರಡೂ ಒಂದಕ್ಕೊಂದು ಉಜ್ಜಿ ನಾದ ಒರಟಾಗುತ್ತದೆ. ಎಷ್ಟೇ ದುಬಾರಿ ಆಂಪ್ಲಿಫೈಯರ್ ಕೊಂಡರೂ ಇದನ್ನು ಸರಿಪಡಿಸಲಾಗದು.

> ಸದ್ದಿನ ಸಾಮಗ್ರಿಯ ಊರು
>
> ಎಲೆಕ್ಟ್ರಿಕ್ ಬ್ಲೂಸ್ ಶಿಕಾಗೊದಲ್ಲಿ ಬೆಳೆದದ್ದಕ್ಕೆ ವಲಸೆ ಒಂದು ಕಾರಣವಾದರೆ, ಆ ಊರಿನ ಕಾರ್ಖಾನೆಗಳು ಇನ್ನೊಂದು ಕಾರಣ. ಮೈಕ್ ತಯಾರಕ ಶ್ಯೂರ್ ಕಂಪನಿ 1925ರಲ್ಲಿ, ಸ್ಪೀಕರ್ ತಯಾರಕ ಜೆನ್ಸನ್ ಕಂಪನಿ 1927ರಲ್ಲಿ ಅಲ್ಲಿಯೇ ಆರಂಭವಾದವು. ಸುಪ್ರೊ ಆಂಪ್ಲಿಫೈಯರುಗಳನ್ನು ಮಾಡಿದ ವ್ಯಾಲ್ಕೊ ಕಂಪನಿಯೂ ಶಿಕಾಗೊದ್ದೇ. ಅಂಚೆಯ ಮೂಲಕ ಮನೆಬಾಗಿಲಿಗೆ ‘ಸಿಲ್ವರ್‌ಟೋನ್’ ಆಂಪ್ಲಿಫೈಯರ್ ತಲುಪಿಸುತ್ತಿದ್ದ ಸಿಯರ್ಸ್ ಕಂಪನಿಯ ಕೇಂದ್ರವೂ ಅದೇ ನಗರದಲ್ಲಿತ್ತು.

ಗಿಟಾರಿನ ಆಂಪ್ ಏಕೆ ಕೂಗಿಕೊಳ್ಳುತ್ತದೆ?

ಸಭೆಗಳಲ್ಲಿ ಮೈಕ್ ಇದ್ದಕ್ಕಿದ್ದಂತೆ ಕುಯ್ಯೆಂದು ಕಿರುಚುವುದನ್ನು ಕೇಳದವರಿಲ್ಲ. ಸ್ಪೀಕರಿನ ಸದ್ದು ಮರಳಿ ಮೈಕಿಗೆ ಹೊಕ್ಕು, ಮತ್ತೆ ಹಿಗ್ಗಿ, ಮತ್ತೆ ಮೈಕಿಗೆ ಬಂದು, ಪ್ರತಿ ಸುತ್ತಿಗೂ ಬೆಳೆಯುತ್ತ ಹೋಗುವ ಈ ಸ್ಥಿತಿಗೆ ಫೀಡ್‌ಬ್ಯಾಕ್ ಎಂದು ಹೆಸರು. ಗಿಟಾರಿನ ಪಿಕಪ್ ಉಕ್ಕಿನ ತಂತಿಯ ಚಲನೆಯನ್ನು ಆಯಸ್ಕಾಂತದ ಮೂಲಕ ಗ್ರಹಿಸುವುದರಿಂದ ಗಾಳಿಯಲ್ಲಿನ ಸದ್ದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಹಾರ್ಮೋನಿಕಾದ ಮೈಕಿಗಾದರೋ ಗಾಳಿಯೇ ಆಧಾರ. ಅದೇ ಕಾರಣಕ್ಕೆ, ಗಿಟಾರು ನಿಶ್ಚಿಂತೆಯಿಂದ ನುಡಿಯುವ ವಾಲ್ಯೂಮಿನ ಅರ್ಧವನ್ನೂ ಮುಟ್ಟುವ ಮೊದಲೇ ಹಾರ್ಮೋನಿಕಾ ಜೋಡಿಸಿದ ಆಂಪ್ ಕಿರುಚತೊಡಗುತ್ತದೆ.

ಇದಕ್ಕೆ ಸೇರಿಕೊಳ್ಳುವ ಇನ್ನೊಂದು ಸಂಗತಿಯಿದೆ. ಎರಡೂ ಅಂಗೈಗಳಿಂದ ಬಿಗಿಯಾಗಿ ಮುಚ್ಚಿದ ಮೈಕಿನ ಮುಂದೆ ರೀಡುಗಳು ಕೆಲವೇ ಅಂಗುಲದ ಅಂತರದಲ್ಲಿ ಮೊಳಗುವಾಗ, ಅಲ್ಲಿಂದ ಹೊರಡುವ ಸಂಕೇತ ಆಗಲೇ ಸಾಕಷ್ಟು ಪ್ರಬಲವಾಗಿರುತ್ತದೆ. ಗಿಟಾರಿಗೆಂದು ಮಾಡಿದ ಹೆಚ್ಚು ವರ್ಧನೆಯ ಮೊದಲ ವಾಲ್ವ್ ಅದನ್ನು ಅಲ್ಲಿಯೇ ನುಜ್ಜುಗುಜ್ಜು ಮಾಡಿ ತೆಳುವಾದ, ಜೇನುನೊಣದ ಝೇಂಕಾರದಂಥ ದನಿಯನ್ನು ಹೊರಡಿಸುತ್ತದೆ. ಸ್ವರಗಳ ನಡುವಿನ ಮೌನದಲ್ಲಿ ಅದೇ ವರ್ಧನೆ ಕೋಣೆಯ ಸದ್ದನ್ನೆಲ್ಲ ಎತ್ತಿ ಕಿರುಚಾಟಕ್ಕೆ ದಾರಿ ಮಾಡುತ್ತದೆ.

ಮೊದಲ ಹಂತದ ವರ್ಧನೆಯನ್ನು ಇಳಿಸಿದರೆ ಮೌನದಲ್ಲಿ ಕಿರುಚಾಟ ತಡವಾಗುತ್ತದೆ, ಆದರೆ ಗಟ್ಟಿಯಾಗಿ ನುಡಿಸಿದ ಸ್ವರವು ತನ್ನ ಸ್ವಂತ ಬಲದಿಂದಲೇ ಕೊನೆಯ ಹಂತದ ದೊಡ್ಡ ಪವರ್ ವಾಲ್ವ್‌ಗಳನ್ನು ಮಿತಿಯವರೆಗೆ ತಳ್ಳಬಲ್ಲದು. ನಾದ ಅಲ್ಲಿ, ಪವರ್ ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರುಗಳ ಮಟ್ಟದಲ್ಲಿ ಮುರಿಯಬೇಕು. ಬ್ಲೂಸ್ ಹಾರ್ಮೋನಿಕಾದ ತುಂಬಿದ ದನಿ ಎಂದು ಕರೆಯಲ್ಪಡುವುದು ಅದೇ. ಮೃದುವಾಗಿ ಉಸಿರೆಳೆದರೆ ಸ್ವಚ್ಛ ಸ್ವರ, ಬಿಗಿಯಾಗಿ ಎಳೆದರೆ ಗರ್ಜನೆ ಎಂಬಂತೆ ಎರಡೂ ವಾದಕನ ಹಿಡಿತದಲ್ಲಿಯೇ ಉಳಿಯುವುದು ಇಂಥ ಆಂಪ್ಲಿಫೈಯರಿನಲ್ಲಿ ಮಾತ್ರ.

ಬೇಸ್‌ಮನ್ ಮತ್ತು ಚಾಂಪ್

ಆಯ್ಕೆಯ ವಿಷಯಕ್ಕೆ ಬಂದರೆ ಎರಡು ಮಾದರಿಗಳು ಎಲ್ಲ ಚರ್ಚೆಗಳ ಎರಡು ತುದಿಗಳಂತೆ ನಿಲ್ಲುತ್ತವೆ; ಎರಡೂ ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿಯವು.

ದೊಡ್ಡದು ಬೇಸ್‌ಮನ್. ಹೆಸರೇ ತಿಳಿಸುವಂತೆ ಇದನ್ನು 1952ರಲ್ಲಿ ಹೊರತಂದದ್ದು ಬೇಸ್ ಗಿಟಾರಿಗಾಗಿ. 1950ರ ದಶಕದ ಕೊನೆಗೆ 5ಎಫ್6-ಎ ಎಂಬ ಸರ್ಕ್ಯೂಟಿನೊಂದಿಗೆ ಪಕ್ವವಾದ ಇದರ ರೂಪದಲ್ಲಿ ಎರಡು 5881 ಪವರ್ ವಾಲ್ವ್‌ಗಳು, ನಲವತ್ತು ವ್ಯಾಟಿಗೂ ತುಸು ಮೇಲಿನ ಶಕ್ತಿ, ಹತ್ತು ಅಂಗುಲದ ನಾಲ್ಕು ಜೆನ್ಸನ್ ಸ್ಪೀಕರುಗಳು ಸೇರಿದ್ದವು. ಬೇಸ್ ಗಿಟಾರಿಗೆ ಇದು ಅಷ್ಟೇನೂ ಒದಗಿ ಬರಲಿಲ್ಲ, ಆದರೆ ಗಿಟಾರ್ ವಾದಕರು ಇದನ್ನು ಅಪ್ಪಿಕೊಂಡರು. ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರಿಗೆ ಮಾದರಿಯಾಗಿ ತೆಗೆದುಕೊಂಡದ್ದೂ ಇದನ್ನೇ. ಮುಂದಿನ ತಲೆಮಾರುಗಳ ಹಾರ್ಮೋನಿಕಾ ವಾದಕರಂತೂ ವೇದಿಕೆಗೆ ಇದಕ್ಕಿಂತ ಮಿಗಿಲಾದುದಿಲ್ಲ ಎಂದು ನಂಬಿದರು.

ಆ ನಂಬಿಕೆಗೆ ಆಧಾರವಿದೆ. ಬೇಸ್‌ಮನ್‌ನ ಮೊದಲ ಸಾಕೆಟ್‌ನಲ್ಲಿ ಕಾರ್ಖಾನೆಯವರೇ ಕೂರಿಸಿದ್ದು 12ಎವೈ7 ಎಂಬ ಕಡಿಮೆ ವರ್ಧನೆಯ ವಾಲ್ವ್. ನಾಲ್ಕು ಸ್ಪೀಕರುಗಳ ಒಟ್ಟು ವಿಸ್ತಾರ ಮಂದ್ರವನ್ನು ಸಮರ್ಥವಾಗಿ ತಳ್ಳುವುದರಿಂದ ಮೇಲೆ ಹೇಳಿದ 98ರ ಸ್ವರ ಪೂರ್ಣವಾಗಿ ಕೇಳುತ್ತದೆ. ಆದರೂ ಒಂದೊಂದು ಸ್ಪೀಕರಿನ ಕಾಗದದ ಶಂಕು ಚಿಕ್ಕದಾಗಿ, ಹಗುರವಾಗಿ ಇರುವುದರಿಂದ ಸ್ವರದ ಆರಂಭ ಮಂಕಾಗುವುದಿಲ್ಲ.

1990ರಲ್ಲಿ ಕಂಪನಿ ಇದರ ಮರುತಯಾರಿಕೆ ಆರಂಭಿಸಿದಾಗ ಮೊದಲ ಸಾಕೆಟ್‌ಗೆ ಬಂದದ್ದು ಗಿಟಾರಿಗೆ ಪ್ರಿಯವಾದ, ಹೆಚ್ಚು ವರ್ಧನೆಯ 12ಎಎಕ್ಸ್7. ಮರುತಯಾರಿಕೆಯ ಪೆಟ್ಟಿಗೆ ಹಾರ್ಮೋನಿಕಾಗೆ ಕೂಡಿಬರುವುದಿಲ್ಲ ಎಂದು ಅದನ್ನು ತಳ್ಳಿಹಾಕುವ ಮೊದಲು ಆ ಒಂದು ವಾಲ್ವನ್ನು ಬದಲಿಸಿ ನೋಡುವುದು ನ್ಯಾಯ.

ಚಿಕ್ಕದು ಚಾಂಪ್. ಒಂದೇ 6ವಿ6 ಪವರ್ ವಾಲ್ವ್, ಒಂದೇ 12ಎಎಕ್ಸ್7, ಎಂಟು ಅಂಗುಲದ ಒಂದು ಸ್ಪೀಕರ್, ಸುಮಾರು ಐದು ವ್ಯಾಟ್ ಶಕ್ತಿ. ಹಳೆಯ 5ಎಫ್1 ಸರ್ಕ್ಯೂಟಿನಲ್ಲಿ ವಾಲ್ಯೂಮ್ ಬಿಟ್ಟರೆ ತಿರುಗಿಸಲು ಬೇರೆ ನಾಬ್ ಇಲ್ಲ. ಶಕ್ತಿ ಕಡಿಮೆಯಾದ್ದರಿಂದ ಇದು ಬೇಗ ಮುರಿಯುತ್ತದೆ, ಅಂದರೆ ಮನೆಯ ಕೋಣೆಯಲ್ಲಿ, ನೆರೆಹೊರೆಗೆ ತೊಂದರೆ ಕೊಡದ ಮಟ್ಟದಲ್ಲಿಯೇ ಕೊನೆಯ ವಾಲ್ವ್ ತನ್ನ ಮಿತಿಯನ್ನು ಮುಟ್ಟುತ್ತದೆ. ಧ್ವನಿಮುದ್ರಣಕ್ಕೆ ಇಂಥ ಪುಟ್ಟ ಪೆಟ್ಟಿಗೆ ಧಾರಾಳ ಸಾಕು. ಡ್ರಮ್ ಇರುವ ವೇದಿಕೆಯಲ್ಲಿ ಮಾತ್ರ ಇದರ ಮುಂದೆ ಇನ್ನೊಂದು ಮೈಕ್ ಇಟ್ಟು ಸಭಾಂಗಣದ ಸ್ಪೀಕರಿಗೆ ಕೊಡಬೇಕಾಗುತ್ತದೆ.

ಹೊಸದಾಗಿ ಆರಂಭಿಸುವವರಿಗೆ ಚಾಂಪ್ ಜಾತಿಯ ಚಿಕ್ಕ ಆಂಪ್ಲಿಫೈಯರೇ ಉತ್ತಮ ಎಂಬುದು ಈ ಲೇಖನದ ಸ್ಪಷ್ಟ ಅಭಿಪ್ರಾಯ. ನಲವತ್ತು ವ್ಯಾಟಿನ ಆಂಪ್ ತನ್ನ ನಿಜವಾದ ನಾದವನ್ನು ಕೊಡುವ ಮಟ್ಟಕ್ಕೆ ಮನೆಯಲ್ಲಿ ಅದನ್ನು ಏರಿಸುವುದೇ ಅಸಾಧ್ಯ. ಏರಿಸದಿದ್ದರೆ ಕೊಂಡದ್ದರ ಉದ್ದೇಶವೇ ಈಡೇರುವುದಿಲ್ಲ. ಸ್ಪೀಕರ್ ಎಂಟರ ಬದಲು ಹತ್ತು ಅಂಗುಲದ್ದಾದರೆ ಮಂದ್ರಕ್ಕೆ ಇನ್ನಷ್ಟು ಅನುಕೂಲ.

> ಮೊದಲ ಸಾಕೆಟ್‌ನ ಐವರು
>
> ಒಂದೇ ಬಗೆಯ ಒಂಬತ್ತು ಪಿನ್ನಿನ ಸಾಕೆಟ್‌ನಲ್ಲಿ ಕೂರುವ ಈ ವಾಲ್ವ್‌ಗಳ ವರ್ಧನಾಂಕ, ಅಂದರೆ ಸಿದ್ಧಾಂತದಲ್ಲಿ ಅವು ಸಂಕೇತವನ್ನು ಹಿಗ್ಗಿಸಬಲ್ಲ ಗರಿಷ್ಠ ಪ್ರಮಾಣ, ಹೀಗಿದೆ: 12ಎಎಕ್ಸ್7ಕ್ಕೆ 100, 5751ಕ್ಕೆ 70, 12ಎಟಿ7ಕ್ಕೆ 60, 12ಎವೈ7ಕ್ಕೆ ಸುಮಾರು 45, 12ಎಯು7ಕ್ಕೆ ಸುಮಾರು 20. ಯುರೋಪಿನ ಹೆಸರುಗಳಲ್ಲಿ 12ಎಎಕ್ಸ್7 ಎಂದರೆ ಇಸಿಸಿ83, 12ಎಟಿ7 ಎಂದರೆ ಇಸಿಸಿ81, 12ಎಯು7 ಎಂದರೆ ಇಸಿಸಿ82.

ಹೊಂದಿಸುವ ಕ್ರಮ

ಹೊಂದಾಣಿಕೆಯಲ್ಲಿ ಮೊದಲ ಕೆಲಸ ಆ ವಾಲ್ವ್ ಬದಲಾವಣೆಯೇ. ಆಂಪ್ಲಿಫೈಯರ್ ಆರಿಸಿ, ತಣ್ಣಗಾಗಲು ಬಿಟ್ಟು, ಮೈಕಿನ ಸಂಕೇತ ಮೊದಲು ತಲುಪುವ 12ಎಎಕ್ಸ್7 ಅನ್ನು ತೆಗೆದು ಅಲ್ಲಿ 12ಎವೈ7 ಕೂರಿಸುವುದಕ್ಕೆ ಸೋಲ್ಡರಿಂಗ್ ಬೇಕಿಲ್ಲ, ಪೆಟ್ಟಿಗೆಯ ಒಳಗಿನ ಭಾಗಗಳನ್ನು ಮುಟ್ಟಬೇಕಾಗಿಯೂ ಇಲ್ಲ. ಇನ್ನೂ ಕಿರುಚುತ್ತಿದ್ದರೆ 12ಎಯು7ಕ್ಕೆ ಇಳಿಯಬಹುದು, ಆದರೆ ಅಷ್ಟಕ್ಕೆ ಇಳಿದಾಗ ಕೆಲವು ಆಂಪ್‌ಗಳಲ್ಲಿ ಜೀವವೇ ಹೋದಂತಾಗುತ್ತದೆ. ಒಂದು ಸಲಕ್ಕೆ ಒಂದೇ ವಾಲ್ವ್ ಬದಲಿಸಿ, ಸಾಕಷ್ಟು ಹೊತ್ತು ನುಡಿಸಿ ಕೇಳಿದ ಬಳಿಕವೇ ಮುಂದುವರಿಯಬೇಕು.

ಎರಡನೆಯದು ಇನ್‌ಪುಟ್. ಹಳೆಯ ಫೆಂಡರ್ ಆಂಪ್‌ಗಳ ಪ್ರತಿ ಚಾನಲಿನಲ್ಲಿಯೂ ಎರಡು ರಂಧ್ರಗಳಿದ್ದು, ಎರಡನೆಯ ರಂಧ್ರಕ್ಕೆ ಮಾತ್ರ ವೈರ್ ಜೋಡಿಸಿದರೆ ಸಂಕೇತ ಅರ್ಧಕ್ಕಿಳಿಯುತ್ತದೆ. ಆಯಸ್ಕಾಂತ ಬಗೆಯ ಮೈಕ್ ಇರುವವರಿಗೆ ಇದು ಖರ್ಚಿಲ್ಲದ ಪರಿಹಾರ.

ಆದರೆ ಹರಳಿನ ಮೈಕ್ ಇದ್ದರೆ ಈ ಉಪಾಯ ತಿರುಗುಬಾಣವಾಗುತ್ತದೆ. ಆಸ್ಟ್ಯಾಟಿಕ್ ಕಂಪನಿಯ ಜೆಟಿ-30ರಂಥ ಹಳೆಯ ಮೈಕುಗಳಲ್ಲಿ ಒತ್ತಡಕ್ಕೆ ವಿದ್ಯುತ್ ಹೊರಡಿಸುವ ಹರಳೊಂದಿರುತ್ತದೆ; ಅದರ ಸಂಕೇತವನ್ನು ಸ್ವೀಕರಿಸುವ ಇನ್‌ಪುಟ್ಟಿನ ತಡೆ, ಅಂದರೆ ಪ್ರವಾಹಕ್ಕೆ ಒಡ್ಡುವ ಪ್ರತಿರೋಧ, ಮೆಗಾಓಮ್‌ಗಳ ಲೆಕ್ಕದಲ್ಲಿದ್ದರೆ ಮಾತ್ರ ಮಂದ್ರ ಉಳಿಯುತ್ತದೆ. ಫೆಂಡರ್‌ನ ಮೊದಲ ರಂಧ್ರದಲ್ಲಿ ಆ ತಡೆ ಒಂದು ಮೆಗಾಓಮ್, ಎರಡನೆಯದರಲ್ಲಿ ಕೇವಲ 136 ಕಿಲೋಓಮ್. ಹರಳಿನ ಮೈಕನ್ನು ಎರಡನೆಯದಕ್ಕೆ ಚುಚ್ಚಿ ದನಿ ತೆಳುವಾಯಿತೆಂದು ಆಂಪ್ಲಿಫೈಯರನ್ನು ದೂರುವವರು ಕಡಿಮೆಯಿಲ್ಲ.

ಶ್ಯೂರ್ ಕಂಪನಿ 1949ರಲ್ಲಿ ತಂದ, ಹಸಿರು ಬಣ್ಣದಿಂದ ‘ಗ್ರೀನ್ ಬುಲೆಟ್’ ಎನಿಸಿಕೊಂಡ 520 ಮಾದರಿಯದು ಆಯಸ್ಕಾಂತ ಬಗೆ. ಕರಾವಳಿ, ಮಲೆನಾಡುಗಳಲ್ಲಿ ಇರುವವರು ಇದನ್ನೇ ಆರಿಸುವುದು ಲೇಸು, ಏಕೆಂದರೆ ಹಳೆಯ ಮೈಕುಗಳ ಹರಳು ರೋಷೆಲ್ ಲವಣದ್ದು. ನೀರಿನಲ್ಲಿ ಕರಗುವ ಆ ವಸ್ತು ಮಳೆಗಾಲದ ತೇವವನ್ನೂ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಕಾವನ್ನೂ ತಾಳಲಾರದು. ಗಾಯಕರು ಬಳಸುವ ಇಂದಿನ ಮೈಕ್ ಆದರೆ ನಡುವೆ ಪುಟ್ಟ ಹೊಂದಾಣಿಕೆ ಟ್ರಾನ್ಸ್‌ಫಾರ್ಮರ್ ಬೇಕು.

ಮೂರನೆಯದು ನಾಬುಗಳು. ಬೇಸ್ ಮುಕ್ಕಾಲಿನಷ್ಟು ಮೇಲೆ, ಟ್ರೆಬಲ್ ಕಾಲುಭಾಗದ ಆಸುಪಾಸು, ತಾರ ಸ್ವರಗಳನ್ನು ಮತ್ತಷ್ಟು ಎತ್ತುವ ಪ್ರೆಸೆನ್ಸ್ ಸೊನ್ನೆ, ಮಧ್ಯ ಸ್ವರದ ನಾಬ್ ಇದ್ದರೆ ನಡುವಿನಲ್ಲಿ. ಎರಡು ಚಾನಲುಗಳಿದ್ದರೆ ಬ್ರೈಟ್ ಬಿಟ್ಟು ನಾರ್ಮಲ್. ಕಿರುಚಾಟ ಹೆಚ್ಚಾಗಿ ತಾರದಲ್ಲಿಯೇ ಆರಂಭವಾಗುವುದರಿಂದ ಅದನ್ನು ತಗ್ಗಿಸುವುದು ಕಿವಿಗೂ ಹಿತ, ಕಿರುಚಾಟಕ್ಕೂ ತಡೆ.

ಬಳಿಕ ಮೈಕನ್ನು ನುಡಿಸುವಂತೆಯೇ ಕೈಗಳಲ್ಲಿ ಮುಚ್ಚಿ ಹಿಡಿದು ವಾಲ್ಯೂಮನ್ನು ಮೆಲ್ಲಗೆ ಏರಿಸುತ್ತ ಹೋಗಿ, ಕಿರುಚಾಟದ ಮೊದಲ ಸುಳಿವು ಕಂಡಲ್ಲಿ ನಿಲ್ಲಿಸಿ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ತರಬೇಕು. ಕೋಣೆ ಬದಲಾದಾಗ, ಜನ ತುಂಬಿದಾಗ ಈ ಬಿಂದು ಸರಿಯುತ್ತದೆ. ಆಂಪ್ಲಿಫೈಯರನ್ನು ಕುರ್ಚಿಯ ಮೇಲೆ ಎತ್ತರಿಸಿ, ಮೈಕಿನ ಮುಖ ಸ್ಪೀಕರಿಗೆ ಎದುರಾಗದಂತೆ ಪಕ್ಕಕ್ಕೆ ನಿಂತರೆ ವಾಲ್ಯೂಮಿಗೆ ಇನ್ನೂ ಸ್ವಲ್ಪ ಜಾಗ ಸಿಗುತ್ತದೆ.

ಕೈಗಳ ಹಿಡಿತವನ್ನು ಇಲ್ಲಿ ಒಂದು ನಾಬ್ ಎಂದೇ ಎಣಿಸಬೇಕು. ಬೆರಳುಗಳ ಸಂದಿನಲ್ಲಿ ಗಾಳಿ ಸೋರದಂತೆ ಮುಚ್ಚಿದಾಗ ಮೈಕಿನ ಮುಂದಿನ ಒತ್ತಡ ಏರಿ ದನಿ ದಪ್ಪಗಾಗುತ್ತದೆ, ತಾರ ಮಸುಕಾಗುತ್ತದೆ; ಕಿರುಬೆರಳಿನ ಬಳಿ ತುಸು ಸಡಿಲಿಸಿದರೂ ಸ್ವರ ತಿಳಿಯಾಗುತ್ತದೆ. ಬೇಸ್, ಟ್ರೆಬಲ್ ನಾಬುಗಳಿಂದ ಸಾಧ್ಯವಾಗದ ವ್ಯತ್ಯಾಸವನ್ನು ನುರಿತ ವಾದಕರು ಹಾಡಿನ ನಡುವೆಯೇ ಹೀಗೆ ತರುತ್ತಾರೆ. ಈ ಹಿಡಿತ ಸೋರುತ್ತಿದ್ದರೆ ಬೇಸ್‌ಮನ್ ಕೂಡ ತೆಳುವಾಗಿಯೇ ಕೇಳುತ್ತದೆ.

ಒಳಗಿಳಿಯುವವರಿಗೆ

ಮನೆಯ ಪರ್ಯಾಯ ವಿದ್ಯುತ್ತನ್ನು ವಾಲ್ವ್‌ಗಳಿಗೆ ಬೇಕಾದ ಏಕಮುಖ ವಿದ್ಯುತ್ತಾಗಿ ಮಾರ್ಪಡಿಸುವ ಭಾಗವನ್ನು ರೆಕ್ಟಿಫೈಯರ್ ಎನ್ನುತ್ತಾರೆ. ಇದೂ ವಾಲ್ವೇ ಆಗಿದ್ದರೆ, ಬಿಗಿಯಾಗಿ ನುಡಿಸಿದ ಸ್ವರ ಹೆಚ್ಚು ಪ್ರವಾಹ ಬೇಡಿದಾಗ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ. ಸ್ವರ ಮೊದಲು ಅದುಮಿದಂತಾಗಿ ಆಮೇಲೆ ಅರಳುವುದಕ್ಕೆ ಇದೇ ಕಾರಣ. ಹಾರ್ಮೋನಿಕಾದ ಉಸಿರಿಗೆ ಇದು ಚೆನ್ನಾಗಿ ಕೂಡಿಬರುವುದರಿಂದ, ಆಯ್ಕೆ ಇದ್ದಲ್ಲಿ ಡಯೋಡಿಗಿಂತ ವಾಲ್ವ್ ರೆಕ್ಟಿಫೈಯರ್ ಇರುವ ಆಂಪ್ಲಿಫೈಯರನ್ನೇ ಕೊಳ್ಳುವುದು ಸೂಕ್ತ.

ಈ ಕುಸಿತವನ್ನು ಹೆಚ್ಚಿಸಲೆಂದು ಬೇಸ್‌ಮನ್‌ನ ಜಿಝಡ್34 ತೆಗೆದು 5ಯು4 ಹಾಕುವವರಿದ್ದಾರೆ. ಪಿನ್ನುಗಳು ಹೊಂದುತ್ತವೆ, ಆದರೆ ಮೊದಲನೆಯದರ ತಂತಿ ಕಾಯಲು 1.9 ಆಂಪಿಯರ್ ಸಾಕಾದರೆ ಎರಡನೆಯದಕ್ಕೆ 3 ಆಂಪಿಯರ್ ಬೇಕು. ಟ್ರಾನ್ಸ್‌ಫಾರ್ಮರ್ ಅಷ್ಟನ್ನು ಹೊರಬಲ್ಲುದೇ ಎಂದು ಖಚಿತಪಡಿಸಿಕೊಳ್ಳದೆ ಮಾಡಿದ ಈ ಬದಲಾವಣೆ ಆಂಪ್ಲಿಫೈಯರಿನ ಅತಿ ಬೆಲೆಬಾಳುವ ಭಾಗವನ್ನೇ ಸುಡಬಹುದು.

ಪವರ್ ವಾಲ್ವ್ ಅಥವಾ ರೆಕ್ಟಿಫೈಯರ್ ಬದಲಿಸಿದಾಗ ಬಯಾಸ್ ಪರೀಕ್ಷಿಸಬೇಕು. ಸಂಕೇತವಿಲ್ಲದ ಹೊತ್ತಿನಲ್ಲಿಯೂ ವಾಲ್ವ್ ಮೂಲಕ ಹರಿಯುತ್ತಿರುವ ಪ್ರವಾಹವನ್ನು ನಿರ್ಧರಿಸುವ, ಗ್ರಿಡ್ಡಿಗೆ ಕೊಡುವ ಋಣ ವೋಲ್ಟೇಜ್ ಇದು. 5881ರ ಪ್ಲೇಟ್ ತಾಳಬಲ್ಲ ಶಾಖದ ಮಿತಿ 23 ವ್ಯಾಟ್. ಅದರ ಶೇ 70ರೊಳಗೆ ಇರಬೇಕೆಂಬುದು ರಿಪೇರಿಯವರ ರೂಢಿ. ಪ್ಲೇಟಿನಲ್ಲಿ 430 ವೋಲ್ಟ್ ಇದ್ದರೆ ಲೆಕ್ಕ ಪ್ರತಿ ವಾಲ್ವ್‌ಗೆ ಸುಮಾರು 37 ಮಿಲಿಆಂಪಿಯರಿಗೆ ಬಂದು ನಿಲ್ಲುತ್ತದೆ. ಚಾಂಪ್‌ನಲ್ಲಿ ಕ್ಯಾಥೋಡಿಗೆ ಜೋಡಿಸಿದ ರೆಸಿಸ್ಟರೇ ಇದನ್ನು ನೋಡಿಕೊಳ್ಳುವುದರಿಂದ ತಿರುಗಿಸಲು ಏನೂ ಇರುವುದಿಲ್ಲ. ಚಿಕ್ಕ ಆಂಪ್‌ನ ಪರವಾಗಿ ಇದೂ ಒಂದು ಅಂಶ.

> ಜೀವಕ್ಕೆ ಸಂಬಂಧಿಸಿದ್ದು
>
> ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಬಲ್ಲವರಲ್ಲದೆ ಬೇರೆಯವರು ಪೆಟ್ಟಿಗೆಯ ಒಳಗೆ ಕೈ ಹಾಕಬಾರದು.
>
> ಹಳೆಯ ಅಮೆರಿಕನ್ ಆಂಪ್‌ಗಳ ಎರಡು ಪಿನ್ನಿನ ವೈರ್ ತೆಗೆಸಿ ಅರ್ಥಿಂಗ್ ಇರುವ ಮೂರು ಪಿನ್ನಿನದನ್ನು ಹಾಕಿಸಲೇಬೇಕು. ಹಾರ್ಮೋನಿಕಾ ವಾದಕರ ಕೈಯೂ ತುಟಿಯೂ ಲೋಹಕ್ಕೆ ತಾಗಿಯೇ ಇರುತ್ತವೆ.
>
> ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಚಾಲೂ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಅಮೆರಿಕದಿಂದ ತರುವವರು

ಅಮೆರಿಕದಲ್ಲಿ ನೆಲೆಸಿ ಊರಿಗೆ ಮರಳುವ ಕನ್ನಡಿಗರಲ್ಲಿ ಹಳೆಯ ಆಂಪ್ಲಿಫೈಯರನ್ನು ಜೊತೆಗೆ ತರುವ ಆಸೆಯುಳ್ಳವರು ಒಂದು ವಿಷಯವನ್ನು ಗಮನಿಸಬೇಕು. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್; ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಚುಚ್ಚಿದರೆ ಟ್ರಾನ್ಸ್‌ಫಾರ್ಮರಿಗೂ ವಾಲ್ವ್‌ಗಳಿಗೂ ಉಳಿಗಾಲವಿಲ್ಲ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿದರೂ ಹರ್ಟ್ಸ್ ಬದಲಾಗುವುದಿಲ್ಲವಾದ್ದರಿಂದ 60ಕ್ಕೆಂದು ಮಾಡಿದ ಒಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ದೀರ್ಘಕಾಲ ಬಳಸುವವರು 230 ವೋಲ್ಟಿನದನ್ನೇ ಹಾಕಿಸಿಕೊಳ್ಳುವುದು ಸುರಕ್ಷಿತ. ದಶಕಗಳಿಂದ ಮೂಲೆಯಲ್ಲಿದ್ದ ಆಂಪ್ ಆದರೆ, ಒಳಗಿನ ದ್ರವ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ಬದಲಿಸಿದ ಮೇಲೆಯೇ ಚಾಲೂ ಮಾಡಬೇಕು.

ಇಂದು ಹೊಸ ವಾಲ್ವ್‌ಗಳು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾಗಳಿಂದ ಬರುತ್ತವೆ. ಆದರೆ ಒಂದು ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿಯೇ ಅವು ತಯಾರಾಗುತ್ತಿದ್ದವು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ದೇಶದ ರೇಡಿಯೊಗಳಿಗಾಗಿ ಮಾಡಿದ ವಾಲ್ವ್‌ಗಳ ಪೈಕಿ ಇಸಿಸಿ83 ಕೂಡ ಒಂದಾಗಿತ್ತು. ಊರಿನ ಹಳೆಯ ರೇಡಿಯೊ ರಿಪೇರಿ ಅಂಗಡಿಯ ಕಪಾಟಿನಲ್ಲಿ ಬಿಇಎಲ್ ಮುದ್ರೆಯ ಅಂಥ ವಾಲ್ವ್ ಉಳಿದಿದ್ದರೆ ಅದನ್ನು ಗುಜರಿಗೆ ಹಾಕಬಾರದು. ಪರೀಕ್ಷಿಸಿ ಸರಿಯಿದೆಯೆಂದು ಕಂಡರೆ 12ಎಎಕ್ಸ್7ರ ಸ್ಥಾನದಲ್ಲಿ ಅದು ನೇರವಾಗಿ ಕೂರುತ್ತದೆ. ಹಾರ್ಮೋನಿಕಾ ವಾದಕರು ಅದನ್ನು ಎರಡನೆಯ ಸಾಕೆಟ್‌ಗೆ ಹಾಕಿ, ಮೊದಲನೆಯದನ್ನು 12ಎವೈ7ಗೆ ಬಿಟ್ಟುಕೊಡಲಿ.